ಕಡಲ ಬದಿಯ ಮನೆಗೆ ವಿಮೆ: ಕಂತು ಕಟ್ಟುವ ಮೊದಲು

ಉಳ್ಳಾಲ, ಸೋಮೇಶ್ವರದ ಕಡೆ ಮನೆ ಇರುವವರು ವಿಮೆ ಮಾಡಿಸುವಾಗ ಮಾರುಕಟ್ಟೆ ಬೆಲೆ ಬರೆಸಬೇಡಿ. ನಿವೇಶನದ ಬೆಲೆಗೂ ಕಂತು ಕಟ್ಟುವುದು ದಂಡ; ಲೆಕ್ಕಕ್ಕೆ ಬರುವುದು ಮನೆಯನ್ನು ಮತ್ತೆ ಕಟ್ಟಿಸಲು ತಗಲುವ ಖರ್ಚು ಮಾತ್ರ. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಟ್ಟಡಕ್ಕೆ ವಿಮೆ ಮಾಡಿಸಿದರೆ, ಆ ಮೊತ್ತದ ಶೇ 20ರಷ್ಟು (ಗರಿಷ್ಠ 10 ಲಕ್ಷ ರೂಪಾಯಿ) ಮನೆಯೊಳಗಿನ ಸಾಮಾನುಗಳಿಗೂ ತಾನಾಗಿಯೇ ಸಿಗುತ್ತದೆ. ಚಿನ್ನಾಭರಣಕ್ಕೆ ಬೇರೆ ಕಂತು. ಚಂಡಮಾರುತ, ನೆರೆ ಇದರೊಳಗೇ ಇವೆ.

ನಮ್ಮ ಕಡೆಯವರು ಓದಲೇಬೇಕಾದ ಸಾಲು ಬೇರೆಯೇ ಇದೆ: ಕಡಲ್ಕೊರೆತದಿಂದ ನೆಲ ಕುಸಿದು ಮನೆ ಹೋದರೆ ಪರಿಹಾರವಿಲ್ಲ. ಏಜೆಂಟರು ತಾವಾಗಿ ಇದನ್ನು ಹೇಳುತ್ತಾರೆಂದು ಕಾಯಬೇಡಿ. ಅಲೆ ಬಡಿದು ಗೋಡೆ ಬಿದ್ದರೆ ಅದನ್ನು ನೆರೆ ಎನ್ನುತ್ತೀರೋ ಕೊರೆತ ಎನ್ನುತ್ತೀರೋ ಎಂದು ನೀವೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ತರಿಸಿಕೊಳ್ಳಿ.