ಗದಗದ ಗಾಳಿಯಲ್ಲಿ ಕಲಿತದ್ದು, ಕಾಣಕೋಣದ ಕಡಲತಡಿಯಲ್ಲಿ ಆಡಿದ್ದು

ಗದಗದಲ್ಲಿ ಕುಳಿತು ಗಾಲ್ಫ್ ಅಂದರೆ ಜನ ನಗುತ್ತಾರೆ. ನಗಲಿ ಬಿಡಿ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಹತ್ತಿದ ಹುಚ್ಚು, ಊರಿಗೆ ಬಂದು ಅಂಗಡಿ ಹಾಕಿದ ಮೇಲೂ ಬಿಟ್ಟಿಲ್ಲ. ಚಳಿಗಾಲದಲ್ಲಿ ಗೋವಾದ ಕಾಣಕೋಣಕ್ಕೆ ಹೋಗುತ್ತೇವೆ. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು, ಅಂಕೋಲಾ, ಕಾರವಾರ ಹಿಡಿದು ಹೋದರೆ ಗಡಿಯ ಆಚೆಗೇ ಅದು. ಅಲ್ಲಿ ರಾಜಬಾಗ್ ಬೀಚಿನ ಪಕ್ಕದ ರೆಸಾರ್ಟ್‌ನಲ್ಲಿ 9 ಹೋಲ್‌ಗಳ ಮೈದಾನವಿದೆ, ಎರಡು ಸುತ್ತು ಆಡಿದರೆ 18. ಮನೆಯವರು, ಮಕ್ಕಳು ನೀರಿಗೆ ಹೋಗುತ್ತಾರೆ, ನಾನು ಹುಲ್ಲಿಗೆ.

ಕಡಲತಡಿಯಲ್ಲಿ ಆಡುವವನು ಮೊದಲು ಗಡಿಯಾರ ನೋಡಬೇಕು. ಬೆಳಗಿನ ಜಾವ ಗಾಳಿ ನೆಲದಿಂದ ಕಡಲ ಕಡೆ ಮೆಲ್ಲಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ದಿಕ್ಕು ತಿರುಗಿ ಕಡಲಗಾಳಿ ಒಳಗೆ ನುಗ್ಗುತ್ತದೆ, ಮಧ್ಯಾಹ್ನಕ್ಕೆ ಅದರ ಜೋರು ಜಾಸ್ತಿ. ಅದಕ್ಕೇ ನಾನು ಬೆಳಕು ಹರಿಯುತ್ತಲೇ ಮೊದಲ ಟೀ (ಹೋಲ್‌ನ ಮೊದಲ ಏಟು ಹೊಡೆಯುವ ಜಾಗ) ಮೇಲೆ ನಿಂತಿರುತ್ತೇನೆ. ಎರಡನೇ ಸುತ್ತು ತಡವಾಗಿ ಶುರುವಾಯಿತೋ, ಬೆಳಿಗ್ಗೆ ಬೆನ್ನಿಗಿದ್ದ ಗಾಳಿ ಅದೇ ಹೋಲ್‌ನಲ್ಲಿ ಮುಖಕ್ಕೆ ಬಂದಿರುತ್ತದೆ. ಬೆಳಗಿನ ಲೆಕ್ಕ ಆಗ ಕೆಲಸಕ್ಕೆ ಬರಲ್ಲ.

ಎದುರುಗಾಳಿಗೆ ಜೋರಾಗಿ ಹೊಡೆಯಬೇಕು ಅನಿಸುತ್ತದೆ, ಅಲ್ವಾ? ಜೋರಾಗಿ ಹೊಡೆದಷ್ಟೂ ಚೆಂಡಿಗೆ ಹಿಮ್ಮುಖ ಸುತ್ತು ಜಾಸ್ತಿ ಬೀಳುತ್ತದೆ, ಎದುರುಗಾಳಿಯಲ್ಲಿ ಅದು ಇನ್ನೂ ಮೇಲೇರಿ ನಡುದಾರಿಯಲ್ಲೇ ಧೊಪ್ಪನೆ ಬೀಳುತ್ತದೆ. ಕಾಣಕೋಣದಲ್ಲಿ ನನ್ನ ಬ್ಯಾಗ್ ಹೊರುವ ಕ್ಯಾಡಿ ಹಾವೇರಿ ಕಡೆಯ ಹುಡುಗ, ನನ್ನ ಮಾತು ಕೇಳಿದ ಕೂಡಲೇ ಊರ ಭಾಷೆಗೆ ಇಳಿದ. "ಸರ, ಏಳು ನಂಬರ್ ಬ್ಯಾಡ್ರಿ, ಐದು ತಗೋರಿ, ಅರ್ಧಾ ಜೋರ್ ಹೊಡೀರಿ" ಅಂದ. ಅದೇ ಸರಿ. ಕ್ಲಬ್, ಅಂದರೆ ಹೊಡೆಯುವ ಕೋಲಿನ ನಂಬರ್ ಕಡಿಮೆಯಾದಷ್ಟೂ ಚೆಂಡು ಕೆಳಗೇ ಹಾರಿ ದೂರ ಹೋಗುತ್ತದೆ. ಚೆಂಡನ್ನು ಬಲಗಾಲಿನ ಕಡೆ ಸ್ವಲ್ಪ ಸರಿಸಿ ನಿಲ್ಲುತ್ತೇನೆ, ಹೊಡೆದ ಮೇಲೆ ಕೈ ಎದೆಮಟ್ಟಕ್ಕೇ ನಿಲ್ಲಿಸುತ್ತೇನೆ, ಚೆಂಡು ಕೆಳಗೇ ಓಡುತ್ತದೆ.

ಈ ಏಟು ಕಲಿತದ್ದು ಡಂಬಳದ ಕಡೆ, ನಮ್ಮ ಭಾವನ ಊರಲ್ಲಿ. ಆಷಾಢದಲ್ಲಿ ಕಪ್ಪತಗುಡ್ಡದ ಗಾಳಿಯಂತ್ರಗಳು ಸುಮ್ನೆ ತಿರುಗುತ್ತವಾ? ಆ ಗಾಳಿಗೆ ಎದುರು ನಿಂತು ಊರ ಗಾಯರಾಣದಲ್ಲಿ ಹೊಡೆದರೆ ಯಾವ ಕಡಲಗಾಳಿಯೂ ಹೆದರಿಸಲ್ಲ. ಬೇಸಿಗೆಯಲ್ಲಿ ಜೋಳ ಕಿತ್ತ ಎರೆಹೊಲದಲ್ಲಿ ಹೊಡೆಯುವುದು ಬೇರೆ ಕಥೆ. ಚೆಂಡಿನ ಅಡ್ಡಳತೆ 43 ಮಿಲಿಮೀಟರ್ ಕೂಡ ಇಲ್ಲ, ಎರೆಭೂಮಿಯ ಬಿರುಕಿಗೆ ಕೈ ಹೋಗುತ್ತದೆ. ಒಳಗೆ ಬಿದ್ದದ್ದು ಮಳೆಗಾಲದಲ್ಲಿ ನೇಗಿಲಿಗೆ ಸಿಕ್ಕರೆ ಪುಣ್ಯ.

ಇನ್ನೊಂದು ಲೆಕ್ಕವಿದೆ. ಗದಗ ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಮೇಲಿದೆ, ಇಲ್ಲಿ ಗಾಳಿ ತುಸು ತೆಳು. ಇಲ್ಲಿ 140 ಗಜ ಹೋಗುವ ಏಟು ಕಡಲಮಟ್ಟದಲ್ಲಿ ಮೂರ್ನಾಲ್ಕು ಗಜ ಕಡಿಮೆ ಹೋಗುತ್ತದೆ. ಕರಾವಳಿಯ ತೇವದಿಂದ ಗಾಳಿ ಭಾರವಾಗುತ್ತದೆ ಅಂತ ಆಟಗಾರರು ಹೇಳುತ್ತಾರೆ, ಅದು ತಪ್ಪು, ನೀರಾವಿ ಇರುವ ಗಾಳಿ ಒಣಗಾಳಿಗಿಂತ ಹಗುರ. ತೇವದ ನಿಜವಾದ ಕಾಟ ಹಿಡಿತಕ್ಕೆ. ಕೈಗವಸು ಬೆವರಿಗೆ ತೊಯ್ದು ಕ್ಲಬ್ ಜಾರುತ್ತದೆ. ಎರಡು ಜೊತೆ ಒಯ್ಯಿರಿ, ಒಂದು ಬ್ಯಾಗಿಗೆ ಕಟ್ಟಿ ಒಣಗಿಸಿ.

ಬಂಕರ್, ಅಂದರೆ ಮೈದಾನದ ಮರಳುಗುಂಡಿ, ಬಗ್ಗೆ ಜಾಸ್ತಿ ಹೇಳಲ್ಲ. ಚೆಂಡಿಗೆ ಹೊಡೆಯಬೇಡಿ, ಅದರ ಹಿಂದಿನ ಎರಡು ಬೆರಳಷ್ಟು ಮರಳಿಗೆ ಹೊಡೆಯಿರಿ. ಹೊಡೆಯುವ ಮುಂಚೆ ಚೆಂಡಿನ ಹಿಂದೆ ಕ್ಲಬ್ ಊರುವಂತಿಲ್ಲ. 2019ರ ನಿಯಮದ ಪ್ರಕಾರ ಮರಳಲ್ಲಿ ಬಿದ್ದ ಕಡ್ಡಿ, ಎಲೆ ಎತ್ತಿ ಹಾಕಬಹುದು.

ತೆಂಗಿನಮರ ನಮ್ಮ ಕಡೆಯವರಿಗೆ ಹೊಸ ತೊಂದರೆ. ಚೆಂಡು ಸುಳಿಯಲ್ಲಿ ಸಿಕ್ಕಿಕೊಂಡರೆ, ಅದು ನಿಮ್ಮದೇ ಅಂತ ಗುರುತಿಸಿದರೆ ಒಂದು ಏಟಿನ ದಂಡ ಕೊಟ್ಟು ಅದರ ಕೆಳಗಿನ ಜಾಗದಿಂದ ಎರಡು ಕ್ಲಬ್ ಉದ್ದದೊಳಗೆ ಬೇರೆ ಚೆಂಡು ಬಿಡಬಹುದು. ಹುಡುಕಲು ಸಿಗುವುದು ಮೂರೇ ನಿಮಿಷ. ಗುರುತು ಸಿಗದಿದ್ದರೆ ಕಳೆದಂತೆಯೇ, ಹಿಂದೆ ಹೋಗಿ ಮತ್ತೆ ಹೊಡೆಯಬೇಕು. ಅದಕ್ಕೇ ನಾನು ಚೆಂಡಿನ ಸುತ್ತ ದಪ್ಪ ಕೆಂಪು ಗೆರೆ ಎಳೆದಿರುತ್ತೇನೆ, ಕೆಳಗೆ ನಿಂತರೂ ಕಾಣಬೇಕು. ಕಾಯಿ ಇರುವ ಮರದ ಕೆಳಗೆ ಆ ಮೂರು ನಿಮಿಷವೂ ನಿಲ್ಲಬೇಡಿ.

ಆಟ ಮುಗಿದ ದಿನವೇ ಕ್ಲಬ್‌ಗಳನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ. ಉಪ್ಪು ಹತ್ತಿದ ವೆಡ್ಜ್ (ಚೆಂಡನ್ನು ಮೇಲೆತ್ತಿ ಹೊಡೆಯುವ ಕ್ಲಬ್) ಹಾಗೇ ಡಿಕ್ಕಿಯಲ್ಲಿ ಉಳಿದರೆ ಬೇಗ ತುಕ್ಕು ಹಿಡಿಯುತ್ತದೆ. ಕವರ್ ತೊಯ್ದಿದ್ದರೆ ಹಾಕಬೇಡಿ.