ಒರ್ಸಿನೋ ಪಾತ್ರವನ್ನು ಬಿಡಿಸಿ ನೋಡುವ ಬಗೆ

ಹಾಸನ, ಚಿಕ್ಕಮಗಳೂರಿನ ಕಾಲೇಜುಗಳಲ್ಲಿ ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ಓದುವವರು ಡ್ಯೂಕ್ ಒರ್ಸಿನೋ ಬಗ್ಗೆ ಬರೆಯುವಾಗ ಅವನ ಮೊದಲ ಸಾಲಿಗೇ ಅಂಟಿಕೊಳ್ಳಬಾರದು. ಪ್ರೇಮಕ್ಕೆ ಸಂಗೀತವೇ ಆಹಾರವಾದರೆ ನುಡಿಸುತ್ತಿರಿ ಎಂದವನು ಏಳನೆಯ ಸಾಲಿಗೇ ‘ಸಾಕು’ ಎನ್ನುತ್ತಾನೆ. ಆಗಿನ ಸವಿ ಈಗಿಲ್ಲವಂತೆ. ವಿಶ್ಲೇಷಣೆ ಶುರುವಾಗಬೇಕಾದದ್ದು ಆ ಏಳನೆಯ ಸಾಲಿನಿಂದ.

ಅವನು ಬರುವುದು ನಾಲ್ಕೇ ದೃಶ್ಯಗಳಲ್ಲಿ: ಮೊದಲ ಅಂಕದ 1 ಮತ್ತು 4, ಎರಡನೆಯ ಅಂಕದ 4, ಐದನೆಯ ಅಂಕದ 1. ದೃಶ್ಯಕ್ಕೊಂದು ಹಾಳೆ ಇಟ್ಟುಕೊಂಡು ಯಾರೊಂದಿಗೆ ಮಾತಾಡುತ್ತಾನೆ, ಏನು ಬೇಕೆನ್ನುತ್ತಾನೆ, ಅದಕ್ಕಾಗಿ ಏನು ಮಾಡುತ್ತಾನೆ ಎಂದು ಬರೆಯಿರಿ. ಕೊನೆಯ ಪ್ರಶ್ನೆಯ ಎದುರು ಹೆಚ್ಚುಕಡಿಮೆ ಖಾಲಿಯೇ ಉಳಿಯುತ್ತದೆ. ಅವನು ಒಲಿದಿರುವ ಸಿರಿವಂತೆ ಒಲಿವಿಯಾಳ ಬಳಿಗೆ ದೂತರು ಹೋಗುತ್ತಾರೆ; ರಂಗದ ಮೇಲೆ ಅವನು ಅವಳಿಗೆ ಎದುರಾಗುವುದು ಐದನೆಯ ಅಂಕದಲ್ಲಿ ಮಾತ್ರ. ನಮ್ಮ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’ದ ವಿಷಯೆ, ಚಂದ್ರಹಾಸನಿಗೆ ಮನಸೋತ ಕ್ಷಣವೇ, ಅವನಿಗೆ ವಿಷ ಕೊಡಿ ಎಂದಿದ್ದ ತಂದೆಯ ಓಲೆಯನ್ನು ತಾನೇ ತಿದ್ದುತ್ತಾಳೆ. ಅವಳ ಪಕ್ಕದಲ್ಲಿಟ್ಟರೆ ಒರ್ಸಿನೋನ ಕೈಕಟ್ಟಿದ ಪ್ರೇಮ ನಿಚ್ಚಳವಾಗಿ ಕಾಣುತ್ತದೆ.

ಹೆಚ್ಚು ಹೊತ್ತು ಕಳೆಯಬೇಕಾದದ್ದು ಎರಡನೆಯ ಅಂಕದಲ್ಲಿ. ಗಂಡಸರ ಒಲವು ಹೆಂಗಸರದಕ್ಕಿಂತ ಚಂಚಲ ಎಂದು ಸೆಸಾರಿಯೋಗೆ, ಅಂದರೆ ಗಂಡುವೇಷದಲ್ಲಿ ಅವನ ಸೇವೆಗೆ ಸೇರಿ ಅವನನ್ನೇ ಗುಟ್ಟಾಗಿ ಪ್ರೀತಿಸುವ ವಯೋಲಾಗೆ, ಹೇಳುತ್ತಾನೆ. ಅದೇ ದೃಶ್ಯದಲ್ಲಿ, ತನ್ನಷ್ಟು ಪ್ರೇಮ ತುಂಬಿಕೊಳ್ಳುವ ಹೃದಯ ಯಾವ ಹೆಣ್ಣಿಗೂ ಇಲ್ಲ ಎನ್ನುತ್ತಾನೆ. ಎರಡನ್ನೂ ಒಟ್ಟಿಗೆ ಉಲ್ಲೇಖಿಸಿ. ಒಂದನ್ನೇ ಎತ್ತಿಕೊಂಡರೆ ಪಾತ್ರ ಕೈತಪ್ಪುತ್ತದೆ. ಇವೆರಡರ ನಡುವೆಯೇ ವಿದೂಷಕ ಫೆಸ್ಟೆ ಅವನ ಮನಸ್ಸನ್ನು ಬಣ್ಣ ಬದಲಿಸುವ ಓಪಲ್ ಕಲ್ಲು ಎಂದಿರುತ್ತಾನೆ.

ಇಷ್ಟಕ್ಕೇ ಅವನನ್ನು ಬರೀ ಸೋಗಿನವನೆಂದು ತೀರ್ಮಾನಿಸುವುದು ದೊಡ್ಡ ತಪ್ಪು. ಪ್ರೇಮವನ್ನು ಬಾಯಿಬಿಡದೆ ಕೊರಗಿದ ‘ತಂಗಿ’ಯದೆಂದು ಸೆಸಾರಿಯೋ ಹೇಳುವ ಕತೆ ಕೇಳಿ, ಅವಳು ಅದರಿಂದಲೇ ಸತ್ತಳೇ ಎಂದು ಕೇಳುತ್ತಾನಲ್ಲ, ಅಲ್ಲಿ ತನ್ನನ್ನು ಮರೆತಿದ್ದಾನೆ. ಕೊನೆಯಲ್ಲಿ ವಯೋಲಾಳ ಕೈಹಿಡಿಯುವುದು ದಿಢೀರನೆ ಆದದ್ದು ಎನ್ನುವವರು ಮೊದಲ ಅಂಕದ 4ನೇ ದೃಶ್ಯ ನೋಡಲಿ: ಪರಿಚಯವಾಗಿ ಮೂರೇ ದಿನ, ಆಗಲೇ ಮನದ ಗುಟ್ಟೆಲ್ಲ ಸೆಸಾರಿಯೋಗೆ ತೆರೆದಿಟ್ಟಾಗಿದೆ. ಐದನೆಯ ಅಂಕದಲ್ಲಿ ಸಿಟ್ಟಿನಿಂದ ಕೊಲ್ಲುತ್ತೇನೆಂದು ಹೊರಡುವಾಗಲೂ ಸೆಸಾರಿಯೋನನ್ನು ‘ನಾನು ಪ್ರೀತಿಸುವ ಕುರಿಮರಿ’ ಎಂದೇ ಕರೆಯುತ್ತಾನೆ.

ಆಡುವವರಿಗೂ ಇದು ಬೇಕು. ಮೊದಲ ದೃಶ್ಯದಲ್ಲೇ ಅವನನ್ನು ಕೋಡಂಗಿ ಮಾಡಿದರೆ ವಯೋಲಾ ಇವನಲ್ಲಿ ಏನು ಕಂಡಳು ಎಂಬುದಕ್ಕೆ ಉತ್ತರವಿರದು. ಕೊನೆಯ ಮಾತಿನಲ್ಲೂ ಅವಳನ್ನು ‘ಸೆಸಾರಿಯೋ’ ಎಂದೇ ಕರೆಯುತ್ತಾನೆ, ಅದನ್ನು ಕತ್ತರಿಸಬೇಡಿ. ಅವಳ ಹೆಣ್ಣುಡುಗೆ ಇರುವುದು ಹಡಗಿನ ಕಪ್ತಾನನ ಬಳಿ, ಅವನು ಒಲಿವಿಯಾಳ ಮನೆಯ ಮೇಲ್ವಿಚಾರಕ ಮಾಲ್ವೋಲಿಯೋನ ದೂರಿನ ಮೇಲೆ ಸೆರೆಯಲ್ಲಿದ್ದಾನೆ. ಹಾಗಾಗಿ ಪರದೆ ಬೀಳುವವರೆಗೂ ಒರ್ಸಿನೋನ ಕಣ್ಣೆದುರು ನಿಂತಿರುವುದು ಗಂಡುವೇಷವೇ.