ಮರೆವು ನಿಜವೋ ಅಲ್ಲವೋ: ಪರೀಕ್ಷೆ ನಡೆಯುವುದು ಹೀಗೆ

ಗುಬ್ಬಿ ಹತ್ತಿರ ಬೈಕಿನಿಂದ ಬಿದ್ದ ರೈತರೊಬ್ಬರು ಪರಿಹಾರಕ್ಕೆ ತುಮಕೂರಿನಲ್ಲಿ ಕೇಸು ಹಾಕಿದ್ದಾರೆ ಅಂದುಕೊಳ್ಳಿ. ‘ತಲೆಗೆ ಏಟು ಬಿದ್ದಾಗಿನಿಂದ ಏನೂ ನೆನಪಿರಲ್ಲ ಸಾರ್’ ಅನ್ನುತ್ತಾರೆ. ವಿಮೆಯವರು ‘ದುಡ್ಡಿಗೋಸ್ಕರ ನಾಟಕ’ ಅನ್ನುತ್ತಾರೆ. ಮರೆವು ನಿಜವೇ ಎಂದು ಪರೀಕ್ಷಿಸುವ ಮನಶ್ಶಾಸ್ತ್ರಜ್ಞರು ಯಾರ ಮಾತನ್ನೂ ಸುಮ್ನೆ ಒಪ್ಪುವುದಿಲ್ಲ.

ಮೊದಲು ಕಾಗದಪತ್ರ. ಅಪಘಾತದ ದಿನ ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ? ಸಿಟಿ ಸ್ಕ್ಯಾನ್‌ನಲ್ಲಿ ಏನು ಕಂಡಿತ್ತು? ಡಿಸ್ಚಾರ್ಜ್ ಸಮ್ಮರಿಯಲ್ಲಿ, ಎಷ್ಟು ಎಚ್ಚರವಿದ್ದರು ಎಂದು ಅಳೆಯುವ ಗ್ಲಾಸ್ಗೋ ಅಂಕ (ಪೂರ್ತಿ ಎಚ್ಚರಕ್ಕೆ 15) 13ರಿಂದ 15 ಇದ್ದರೆ ಅದು ಸಾಮಾನ್ಯವಾಗಿ ಸಣ್ಣ ಪೆಟ್ಟು. ಅಂಥವರಲ್ಲಿ ಹೆಚ್ಚಿನವರು ಮೂರು ತಿಂಗಳೊಳಗೆ ಸುಧಾರಿಸಿಕೊಳ್ಳುತ್ತಾರೆ. ಎರಡು ವರ್ಷದ ಮೇಲೆ ಮರೆವು ಜಾಸ್ತಿಯಾಗುತ್ತಲೇ ಇದೆ ಅಂದರೆ, ಬೇರೆ ಕಾರಣ ಹುಡುಕಬೇಕು.

ಆಮೇಲೆ ಭಾಷೆ. ಪಾವಗಡದ ಕಡೆಯವರು ಮನೆಯಲ್ಲಿ ತೆಲುಗು ಆಡುತ್ತಿರಬಹುದು. ಅಂಥವರಿಗೆ ಪುಸ್ತಕದ ಕನ್ನಡದಲ್ಲಿ ಪ್ರಶ್ನೆ ಕೇಳಿ ಅಂಕ ಕಳೆದರೆ ಅದು ಅನ್ಯಾಯ. ‘ನಿಮ್ಮ ಕೈಲಾದಷ್ಟು ಚೆನ್ನಾಗಿ ಮಾಡಿ, ಪ್ರಯತ್ನ ಪಡದಿದ್ದರೆ ಪರೀಕ್ಷೆಯಲ್ಲಿ ಅದೂ ಗೊತ್ತಾಗುತ್ತದೆ’ ಎಂದು ಶುರುವಿನಲ್ಲೇ ಹೇಳಿಬಿಡಬೇಕು.

ಮುಖ್ಯವಾದ ಹೆಜ್ಜೆ ಇದು. ನೋಡುವುದಕ್ಕೆ ಕಷ್ಟ ಅನ್ನಿಸುವ, ನಿಜಕ್ಕೂ ಸುಲಭವಾದ ಪರೀಕ್ಷೆ ಕೊಡುತ್ತಾರೆ. 1996ರಲ್ಲಿ ಬಂದ ‘ಟಾಮ್’ (ಟೆಸ್ಟ್ ಆಫ್ ಮೆಮೊರಿ ಮಲಿಂಗರಿಂಗ್, ಅಂದರೆ ಮರೆವಿನ ನಟನೆ ಪತ್ತೆಯ ಪರೀಕ್ಷೆ) ಅಂಥದ್ದು. 50 ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾರೆ. ಆಮೇಲೆ ಎರಡೆರಡು ಚಿತ್ರ ಮುಂದಿಟ್ಟು, ‘ಇವೆರಡರಲ್ಲಿ ಆಗ ನೋಡಿದ್ದು ಯಾವುದು?’ ಎಂದು ಕೇಳುತ್ತಾರೆ. ಮಿದುಳಿಗೆ ನಿಜವಾಗಿ ಪೆಟ್ಟು ಬಿದ್ದವರಲ್ಲೂ ಹೆಚ್ಚಿನವರು ಇದನ್ನು ಚೆನ್ನಾಗಿ ಮಾಡುತ್ತಾರೆ. ಕಣ್ಣು ಮುಚ್ಚಿ ಬೆರಳಿಟ್ಟರೂ ಸುಮಾರು 25 ಸರಿ ಬರಬೇಕು, ಅಲ್ವಾ? 14 ಮಾತ್ರ ಸರಿಯಾದರೆ ಯೋಚಿಸಬೇಕು. ಬರೀ ಅದೃಷ್ಟದಿಂದ ಅಷ್ಟು ಕಡಿಮೆ ಬರುವುದು ಸಾವಿರಕ್ಕೆ ಒಂದೆರಡು ಸಲ. ಸರಿ ಉತ್ತರ ಗೊತ್ತಿದ್ದೂ ಬಿಟ್ಟಿದ್ದಾರೆ ಎಂಬ ಅನುಮಾನ ಅಲ್ಲಿ ಗಟ್ಟಿಯಾಗುತ್ತದೆ. (ಯಾವ ಚಿತ್ರಗಳು ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಪರೀಕ್ಷೆಯೇ ಕೆಡುತ್ತದೆ.)

ಬೇರೆ ಪರೀಕ್ಷೆಗಳ ಒಳಗೂ ಸುಳಿವು ಇರುತ್ತದೆ. ‘ಮೂರು, ಎಂಟು, ಐದು’ ಎಂದು ಹೇಳಿ ಅದನ್ನೇ ಅದೇ ಕ್ರಮದಲ್ಲಿ ಮತ್ತೆ ಹೇಳಿಸುವುದು ಅದರಲ್ಲೊಂದು. ತಲೆಗೆ ಪೆಟ್ಟಾದವರೂ ಇಷ್ಟನ್ನು ಸಾಮಾನ್ಯವಾಗಿ ಹೇಳುತ್ತಾರೆ. ಮೂರು ಅಂಕಿಗೇ ತಡವರಿಸಿದವರು ಹೊರಗೆ ಕೂತು, ಯಾರೋ ಆಗಷ್ಟೇ ಕೊಟ್ಟ ಹೊಸ ಫೋನ್ ನಂಬರನ್ನು ಬಾಯಲ್ಲೇ ಹೇಳಿದರೆ ಬರೆದುಕೊಳ್ಳಬೇಕಾದ ವಿಷಯ. ಹಾಗಂತ ತಿಪಟೂರಿನ ಕೊಬ್ಬರಿ ಮಂಡಿಯ ಹಳೆಯ ಲೆಕ್ಕ ನೆನಪಿದೆ ಅನ್ನುವುದು ಸುಳ್ಳಿಗೆ ಸಾಕ್ಷಿಯಲ್ಲ. ಹಳೆಯದು ಉಳಿದು ಹೊಸದು ನಿಲ್ಲದಿರುವುದೇ ಅನೇಕರ ನಿಜವಾದ ಕಾಯಿಲೆ.

ಇಲ್ಲಿ ತಪ್ಪು ಮಾಡುವುದು ತುಂಬಾ ಸುಲಭ. ಮನಶ್ಶಾಸ್ತ್ರಜ್ಞ ಆಂಡ್ರೆ ರೇ ಅವರ, ನೋಡಿ ನೆನಪಿನಿಂದ ಬರೆಯಬೇಕಾದ 15 ಗುರುತುಗಳ ಪರೀಕ್ಷೆಯಲ್ಲಿ ಎ ಬಿ ಸಿ, ರೋಮನ್ ಅಂಕಿಗಳೆಲ್ಲ ಇವೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಅವು ಬರೀ ಗೀಟುಗಳು. ಅವರು ಕಡಿಮೆ ಅಂಕ ತೆಗೆದರೆ ಸುಳ್ಳುಗಾರರು ಅನ್ನಲಾದೀತೇ? ಡಿಮೆನ್ಷಿಯಾ (ಮಿದುಳಿನ ಶಕ್ತಿ ಕುಂದುತ್ತಾ ಹೋಗುವ ಮರೆವಿನ ಕಾಯಿಲೆ) ಇರುವವರು ಸುಲಭದ ಪರೀಕ್ಷೆಯಲ್ಲೂ ಸೋಲಬಹುದು. ನೋವು, ನಿದ್ದೆ ಮಾತ್ರೆ, ಖಿನ್ನತೆಯನ್ನೂ ನೋಡಬೇಕು. ಅದಕ್ಕೇ ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಬೇಡ. ಕನಿಷ್ಠ ಎರಡು ಬೇರೆ ಬೇರೆ ಪರೀಕ್ಷೆ, ಜೊತೆಗೆ ಕಾಗದಪತ್ರ, ಮನೆಯವರ ಮಾತು ಎಲ್ಲವೂ ಒಂದೇ ಕಡೆ ತೋರಿಸಬೇಕು.

ನಿಜವಾಗಿ ಪೆಟ್ಟಾದವರೂ ‘ನನ್ನನ್ನು ಯಾರೂ ನಂಬಲ್ಲ’ ಎಂಬ ಭಯಕ್ಕೆ ಸ್ವಲ್ಪ ಜಾಸ್ತಿ ಹೇಳುವುದುಂಟು. ಹಾಗಾಗಿ ಅನುಮಾನ ಗಟ್ಟಿಯಾದರೂ ವರದಿಯಲ್ಲಿ ‘ನಾಟಕ’ ಎಂಬ ಪದ ಬರಬಾರದು. ‘ಈ ಅಂಕಗಳು ಇವರ ನಿಜವಾದ ಶಕ್ತಿಯನ್ನು ತೋರಿಸುವುದಿಲ್ಲ, ಇದರಿಂದ ಮರೆವಿನ ಅಳತೆ ಹೇಳಲಾಗದು’ ಎಂದು ಬರೆದು, ಯಾವ ಪರೀಕ್ಷೆಯಲ್ಲಿ ಎಷ್ಟು ಬಂತು ಎಂದು ಕೆಳಗೆ ನಮೂದಿಸಬೇಕು. ಪರಿಹಾರದ ತೀರ್ಮಾನ ನ್ಯಾಯಾಧೀಶರದು.